ತಿದ್ದಿದ್ದು ಕಾಣಬೇಕು

ನಮ್ಮ ಆಫೀಸಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ನಾನಲ್ಲ, ನನ್ನ ಬೆನ್ನ ಹಿಂದಿನ ಗೋಡೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಮೂರು ಸಾಲು ಬರೆಸಿ ಹಾಕಿದ್ದೇನೆ. ಬರೆಯದಿದ್ದರೆ ನಡೆದಿಲ್ಲ. ತಿದ್ದಿದ್ದು ಕಾಣಬೇಕು. ಬರೆದವರೇ ತಿದ್ದಬೇಕು. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಂದು ಹೂವಿನ ಚಿತ್ರ ಹಾಕುವುದು ಬಿಟ್ಟು ಇದೇನು ಪೊಲೀಸ್ ಠಾಣೆಯ ಹಾಗೆ ಎಂದು ದೊಡ್ಡ ಡಾಕ್ಟರು ಆಗಾಗ ಗೊಣಗುತ್ತಾರೆ. ಗೊಣಗಲಿ. ಈ ಗೋಡೆ ಇಲ್ಲದ ಕಾಲದಲ್ಲಿ ಅವರ ಕಾಗದಪತ್ರ ಎಲ್ಲೆಲ್ಲಿ ಬಿದ್ದಿರುತ್ತಿದ್ದವು ಎಂದು ನನಗೆ ಗೊತ್ತು.

ಎಂಟು ವರ್ಷದ ಹಿಂದೆ ಇಲ್ಲಿ ಹೊಸ ಔಷಧಿಗಳ ಟ್ರಯಲ್ ನಡೆಸುವ ಪ್ರತಿ ಡಾಕ್ಟರೂ ಅವರವರ ರೋಗಿಗಳ ಫೈಲನ್ನು ಅವರವರ ಹತ್ತಿರವೇ ಇಟ್ಟುಕೊಳ್ಳುತ್ತಿದ್ದರು. ಸ್ತನ ವಿಭಾಗದ ಡಾಕ್ಟರಮ್ಮ ಪರೀಕ್ಷೆ ಮಾಡುವ ಮಂಚದ ಕೆಳಗೆ ಸೂಟ್‌ಕೇಸಿನಲ್ಲಿ ಇಟ್ಟಿದ್ದರು. ರಕ್ತದ ಕ್ಯಾನ್ಸರಿನ ಡಾಕ್ಟರದು ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿ ಟೈರಿನ ಪಕ್ಕ. ಆಗ ನಾನು ವಾರ್ಡಿನ ಹೆಡ್ ನರ್ಸ್. ಎಲ್ಲವನ್ನೂ ಒಂದೇ ಸೂರಿನ ಕೆಳಗೆ ತರಬೇಕೆಂದು ಆಸ್ಪತ್ರೆ ತೀರ್ಮಾನ ಮಾಡಿ, ಜಗಳಕ್ಕೆ ಹೆದರದವರು ಯಾರು ಎಂದು ಹುಡುಕಿದಾಗ ಎಲ್ಲರ ಬೆರಳೂ ನನ್ನ ಕಡೆಗೇ ತಿರುಗಿತಂತೆ. ನಾನು ಒಂದು ವೀಲ್‌ಚೇರ್ ತಳ್ಳಿಕೊಂಡು ಕೋಣೆಯಿಂದ ಕೋಣೆಗೆ ಹೋಗಿ, ಫೈಲುಗಳನ್ನು ರೋಗಿಯ ಹಾಗೆ ಕೂರಿಸಿಕೊಂಡು, ಬಟ್ಟೆ ಒಗೆಯುವ ವಿಭಾಗದ ಪಕ್ಕದ ಈ ಉದ್ದನೆಯ ಕೋಣೆಗೆ ತಂದೆ. ಅವುಗಳ ಜೊತೆಗೆ, ತಪ್ಪಿನ ಮೇಲೆ ಬಳಿದು ಮುಚ್ಚುವ ವೈಟ್ನರ್ ಹದಿನೇಳು ಬಾಟಲಿ ಸಿಕ್ಕವು. ಅಷ್ಟನ್ನೂ ಅವತ್ತೇ ಕಸಕ್ಕೆ ಹಾಕಿದೆ.

ಈಗ ನಲವತ್ತೊಂದು ಟ್ರಯಲ್, ಒಂಬತ್ತು ಜನ, ಗೋಡೆಯುದ್ದಕ್ಕೂ ಬೀಗದ ಕಪಾಟು. ಯಾವ ಕಾಗದ ಕಂಡರೂ ಮೊದಲು "ತಾರೀಕು ಎಲ್ಲಿ?" ಎಂದು ಕೇಳುವುದರಿಂದ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ತಾರೀಕಮ್ಮ ಅನ್ನುತ್ತಾರೆ. ಮೂಗಿನ ತುದಿಯಲ್ಲೇ ಕೋಪ ಎಂದೂ ಅನ್ನುತ್ತಾರೆ. ಎರಡೂ ನಿಜ. ಆದರೆ ಆ ಒಂಬತ್ತು ಜನರಲ್ಲಿ ಯಾರ ಮಗುವಿಗೆ ಜ್ವರ, ಯಾರ ಅತ್ತೆಗೆ ಮಂಡಿ ನೋವು ಎಂಬುದೂ ನನಗೆ ತಾರೀಕಿನ ಸಮೇತ ಗೊತ್ತಿರುತ್ತದೆ.

ಕಳೆದ ವರ್ಷ ಒಬ್ಬಳು ಹುಡುಗಿ ಹೆರಿಗೆ ರಜೆಗೆ ಹೋದಳು. ಅವಳು ನೋಡಿಕೊಳ್ಳುತ್ತಿದ್ದ ಕಿಡ್ನಿ ಕ್ಯಾನ್ಸರಿನ ಟ್ರಯಲ್ ನನ್ನ ಪಾಲಿಗೆ ಬಂತು. ಅದರಲ್ಲಿ ಆರು ಜನ ರೋಗಿಗಳು. ಒಬ್ಬರು ಹೊಲಿಗೆ ಕಲಿಸುವ ಟೀಚರು. ಅರವತ್ತು ದಾಟಿದ, ಕುಳ್ಳಗಿನ, ಎದುರಿಗೆ ಯಾರು ಕೂತರೂ ಅವರ ಅಂಗಿಯ ಹೊಲಿಗೆಯನ್ನೇ ನೋಡುವ ಹೆಂಗಸು. ಮೊದಲ ಭೇಟಿಯಲ್ಲೇ ನನ್ನ ಬಿಳಿ ಕೋಟಿನ ಭುಜ ಅರ್ಧ ಇಂಚು ಇಳಿದಿದೆ ಎಂದು ತೀರ್ಪು ಕೊಟ್ಟಿದ್ದರು. ಅವರ ಗಂಡ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಪ್ರೆಸ್ ಸೇರಿ, ಆಮೇಲೆ ಮೂವತ್ತೆಂಟು ವರ್ಷ ಪ್ರೂಫ್ ತಿದ್ದಿ ನಿವೃತ್ತರಾದವರು. ಹೆಂಡತಿ ಹತ್ತು ಮಾತಾಡಿದರೆ ಇವರದು ಒಂದು, ಅದೂ ತಿದ್ದಿದ ಮಾತು.

ಆ ಟ್ರಯಲ್ಲಿನ ಕ್ರಮ ಹೀಗೆ. ಇಪ್ಪತ್ತೆಂಟು ದಿನ ಬೆಳಗ್ಗೆ ಎಂಟಕ್ಕೆ ಬರಿ ಹೊಟ್ಟೆಯಲ್ಲಿ ನಾಲ್ಕು ಮಾತ್ರೆ, ಆಮೇಲೆ ಒಂದು ವಾರ ಬಿಡುವು, ಆಮೇಲೆ ಹೊಸ ಬಾಟಲಿ. ಮಾತ್ರೆ ನುಂಗಿದ ಹೊತ್ತು, ಆಮೇಲೆ ಮೈಗೆ ಏನಾಯಿತು ಎಂಬುದನ್ನು ದಿನವೂ ಮನೆಯಲ್ಲಿ ಬರೆಯಬೇಕು. ವಾರಕ್ಕೊಂದು ಹಾಳೆಯಂತೆ ನಾಲ್ಕು ಹಾಳೆ. ಒದ್ದೆಯಾದರೆ, ಹರಿದರೆ ಇರಲಿ ಎಂದು ನಾಲ್ಕು ಹಾಳೆ ಹೆಚ್ಚಿಗೆ ಕೊಡುತ್ತೇವೆ. ತಪ್ಪು ಬರೆದರೆ ಅದರ ಮೇಲೆ ಒಂದೇ ಗೆರೆ ಎಳೆದು, ಕೆಳಗಿನದು ಓದಲು ಸಿಗುವಂತೆ ಬಿಟ್ಟು, ಪಕ್ಕದಲ್ಲಿ ಸಹಿ, ತಾರೀಕು, ಕಾರಣ ಹಾಕಬೇಕು. ಟೀಚರ ಪರವಾಗಿ ಬರೆಯುವವರು ಗಂಡ. ಈ ನಿಯಮ ಕೇಳಿ ಅವರಿಗೆ ಸೋಜಿಗವಾಗಿತ್ತಂತೆ. ತಪ್ಪು ಇತ್ತು ಎಂಬುದೇ ಓದುಗನಿಗೆ ತಿಳಿಯದ ಹಾಗೆ ಮಾಡುವುದು ಅವರ ಜನ್ಮದ ಕೆಲಸವಾಗಿತ್ತು. ಇಲ್ಲಿ ನೋಡಿದರೆ ತಪ್ಪನ್ನು ಜೋಪಾನ ಮಾಡಿ ಇಡಬೇಕು.

ಮೊದಲ ಬಾಟಲಿ ಮುಗಿದ ಮೇಲಿನ ಸ್ಕ್ಯಾನಿನಲ್ಲಿ ಟೀಚರ ಗಂಟು ನಾಲ್ಕು ಸೆಂಟಿಮೀಟರಿನಿಂದ ಎರಡೂವರೆಗೆ ಇಳಿದಿತ್ತು. ದೊಡ್ಡ ಡಾಕ್ಟರು ಆ ಚಿತ್ರವನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. ಬೇರೆ ಎರಡು ಔಷಧಿ ಕೈಕೊಟ್ಟ ಮೇಲೆ ಇದು ಹಿಡಿದಿತ್ತು. ಈ ಮಾತ್ರೆ ಅಂಗಡಿಯಲ್ಲಿ ಸಿಗುವುದಿಲ್ಲ. ಟ್ರಯಲ್ಲಿನಲ್ಲಿ ಇದ್ದರೆ ಉಂಟು, ಹೊರಗೆ ಬಿದ್ದರೆ ಇಲ್ಲ.

ಎರಡನೇ ಬಾಟಲಿ ಮುಗಿಸಿ ಗಂಡ ಹೆಂಡತಿ ಬಂದದ್ದು ಒಂದು ಸೋಮವಾರ. ಟೀಚರನ್ನು ತೂಕ ನೋಡಲು ಒಳಗೆ ಕಳಿಸಿ, ಗಂಡನನ್ನು ಎದುರಿಗೆ ಕೂರಿಸಿಕೊಂಡು ನಾನು ಡೈರಿ ಬಿಡಿಸಿದೆ. ನಾಲ್ಕು ಹಾಳೆ. ಒಂದೇ ಪೆನ್ನು, ಒಂದೇ ಒತ್ತು, ಮುತ್ತು ಪೋಣಿಸಿದಂಥ ಅಕ್ಷರ. ಇಪ್ಪತ್ತೆಂಟು ದಿನವೂ ಎಂಟು ಗಂಟೆ, ಇಪ್ಪತ್ತೆಂಟು ದಿನವೂ "ತೊಂದರೆ ಏನೂ ಇಲ್ಲ". ನಾನು ಎಂಟು ವರ್ಷದಿಂದ ಇಂಥ ಡೈರಿ ನೋಡುತ್ತಿದ್ದೇನೆ. ನಿಜವಾದ ಡೈರಿಯಲ್ಲಿ ಕಾಫಿ ಕಲೆ ಇರುತ್ತದೆ, ಎಣ್ಣೆ ಬೆರಳಿರುತ್ತದೆ, ಮೊಮ್ಮಗು ಗೀಚಿದ ಬೆಕ್ಕಿರುತ್ತದೆ. ಇಷ್ಟು ಚೊಕ್ಕ ಇದ್ದರೆ ಅದು ನಮ್ಮ ಹೊರಗಿನ ಬೆಂಚಿನ ಮೇಲೆ ಕೂತು ಪಕ್ಕದವರ ಪೆನ್ನು ಇಸಕೊಂಡು ಬರೆದದ್ದು.

ಎಲ್ಲ ಸರಿ ಇದೆಯಾ ಎಂದೆ. ಅವರು ತಲೆಯಾಡಿಸಿದರು. ಅಷ್ಟರಲ್ಲಿ ಒಳಗಿನಿಂದ ತೂಕದ ಚೀಟಿ ಬಂತು. ಇಪ್ಪತ್ತೆಂಟು ದಿನದಲ್ಲಿ ಮೂರು ಕಿಲೋ ಇಳಿದಿತ್ತು. ನರ್ಸ್ ಕೇಳಿದ್ದಕ್ಕೆ ಟೀಚರು, ಎಲ್ಲಾ ಡೈರಿಯಲ್ಲಿದೆ, ಇವರು ಬರೆದಿದ್ದಾರೆ ಎಂದರಂತೆ. ಡೈರಿಯಲ್ಲಿ ನೋಡಿದರೆ ಏನೂ ಇಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಾನು. ಕೋಪ ನೆತ್ತಿಗೇರಿತು. ಫೈಲು ಎಳೆದುಕೊಂಡು, ಅವರ ಎದುರಿಗೇ, ಒಂದು ಮಾತೂ ಆಡದೆ ಬರೆದೆ: "ಡೈರಿಯನ್ನು ಒಂದೇ ಸಲ ಕುಳಿತು ತುಂಬಿದಂತಿದೆ. ರೋಗಿಯ ಪತಿ ನಂಬಿಕೆಗೆ ಅರ್ಹರಲ್ಲ. ರೋಗಿ ಮಾತ್ರೆ ತೆಗೆದುಕೊಳ್ಳುತ್ತಿರುವುದೇ ಅನುಮಾನ." ಸಹಿ, ತಾರೀಕು ಹಾಕಿದೆ. ಫೈಲು ಮುಚ್ಚಿ, ಮುಂದಿನ ಸೋಮವಾರ ಹೊಸ ಬಾಟಲಿಗೆ ಬನ್ನಿ ಎಂದೆ. ಅವರು ಕೈಮುಗಿದು ಎದ್ದು ಹೋದರು.

ಗುರುವಾರ ಔಷಧಿ ಕಂಪನಿಯ ಮಾನಿಟರ್ ಬಂದಳು. ನಾವು ಬರೆದದ್ದನ್ನೆಲ್ಲ ಸಾಲು ಸಾಲಾಗಿ ತಾಳೆ ನೋಡಿ ಹೋಗುವುದು ಇವಳ ಕೆಲಸ. ಚಕ್ರದ ಪೆಟ್ಟಿಗೆ ಎಳೆದುಕೊಂಡು ಬರುತ್ತಾಳೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಮಾತಾಡುತ್ತಾಳೆ. ಮಧ್ಯಾಹ್ನ ಟೀಚರ ಫೈಲು ತೆರೆದು ನನ್ನ ಮುಂದಿಟ್ಟಳು. ಮಾತ್ರೆ ತೆಗೆದುಕೊಳ್ಳುತ್ತಿರುವುದೇ ಅನುಮಾನ ಎಂದಾದರೆ ಮೂರನೇ ಬಾಟಲಿ ಕೊಡಲು ಕಂಪನಿ ಒಪ್ಪುವುದಿಲ್ಲ, ಟ್ರಯಲ್ಲಿನಿಂದ ಬಿಡಿಸಬೇಕಾಗುತ್ತದೆ ಎಂದಳು. ಗಂಟು ಇಳಿದಿದೆಯಲ್ಲ, ಮಾತ್ರೆ ನುಂಗದೆ ಇಳಿಯುತ್ತದೆಯೇ ಎಂದು ನಾನು ವಾದಕ್ಕೆ ನಿಂತೆ. ಅದು ಮೊದಲ ಬಾಟಲಿಯ ಮಾತು ಎಂದಳು. ಆಮೇಲೆ ಬಹಳ ಮೆತ್ತಗೆ ಹೇಳಿದಳು:

"ಅನುಮಾನ ನನ್ನದಲ್ಲ ಮೇಡಂ. ನೀವೇ ಬರೆದಿದೀರಿ."

ಸೋಮವಾರದೊಳಗೆ ಬೇರೆ ಆಧಾರ ಏನಾದರೂ ಇದ್ದರೆ ಕಳಿಸಿ ಎಂದು ಹೇಳಿ ಪೆಟ್ಟಿಗೆ ಎಳೆದುಕೊಂಡು ಹೋದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ ಆಗಿದ್ದೆ. ಔಷಧಿ ಮೈಗೆ ಹಿಡಿದಿದ್ದ ಹೆಂಗಸನ್ನು ಫೈಲಿನ ನನ್ನ ಮೂರು ಸಾಲು ಬಾಗಿಲ ಹೊರಗೆ ನಿಲ್ಲಿಸಿತ್ತು. ಆ ಕುಳ್ಳಗಿನ ಹೆಂಗಸು ನನಗೆ ಎಷ್ಟು ಇಷ್ಟ ಎಂಬುದು ಆ ಹೊತ್ತಿನಲ್ಲಿ ಗೊತ್ತಾಯಿತು.

ಸುಮ್ಮನೆ ಕೂರಲಾಗದೆ ಫೈಲಿನ ಹಿಂದಿನ ಪುಟ ತಿರುವಿದೆ. ಅಲ್ಲಿ ಮೊದಲ ಬಾಟಲಿಯ ಡೈರಿ ಇತ್ತು. ರಜೆಗೆ ಹೋಗುವ ಮುಂಚೆ ಹುಡುಗಿ ಪಡೆದು ಇಟ್ಟದ್ದು. ಸೋಮವಾರವೇ ನಾನು ನೋಡಬೇಕಿತ್ತು, ನೋಡಿರಲಿಲ್ಲ. ಅದರ ತುಂಬ ಕಲೆ. ಒಂಬತ್ತನೇ ದಿನ ಎಂಟು ಗಂಟೆ ಎಂದು ಬರೆದು, ಒಂದೇ ಗೆರೆ ಎಳೆದು, ಎಂಟು ಗಂಟೆ ನಾಲ್ಕು ನಿಮಿಷ ಎಂದು ತಿದ್ದಿದ್ದರು. ಪಕ್ಕದಲ್ಲಿ ಸಹಿ, ತಾರೀಕು. ಕಾರಣ: "ಅಡುಗೆಮನೆ ಗಡಿಯಾರ ಹಿಂದೆ ಇತ್ತು." ನಾಲ್ಕು ನಿಮಿಷಕ್ಕೆ ಇಷ್ಟು ನಿಯತ್ತು ತೋರಿಸಿದ ಮನುಷ್ಯ ಬೆಂಚಿನ ಮೇಲೆ ಕೂತು ಡೈರಿ ತುಂಬುವವನಲ್ಲ. ಅವರು ಹಾಗೆ ಮಾಡಿದ್ದರೆ ಅದಕ್ಕೊಂದು ಕಾರಣ ಇರಬೇಕು. ಆ ಕಾರಣ ನನಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಬಂದವಳೇ ಟೀಚರ ಗಂಡನಿಗೆ ಫೋನ್ ಮಾಡಿದೆ. ಬೈಯುವುದಕ್ಕಲ್ಲ, ಕೇಳುವುದಕ್ಕೆ ಮಾಡಿದ್ದೇನೆ ಎಂದು ಮೊದಲೇ ಹೇಳಿದೆ. ನನ್ನ ಬಾಯಲ್ಲಿ ಈ ಮಾತು ಕೇಳಿ ಪಕ್ಕದ ಮೇಜಿನ ಹುಡುಗಿ ತಲೆಯೆತ್ತಿ ನೋಡಿದಳು. ಆ ಕಡೆಯಿಂದ ಅವರು ಒಂದೊಂದೇ ಮಾತು ಇಟ್ಟರು. ಮೊದಲು ದಿನವೂ ಬರೆದ ಡೈರಿ ಬೇರೆ ಇತ್ತಂತೆ. ಹೆಚ್ಚಿಗೆ ಕೊಟ್ಟ ಹಾಳೆಗಳಲ್ಲಿ ಅದನ್ನು ಶುದ್ಧಪ್ರತಿ ಮಾಡಿ ನಮಗೆ ಕೊಟ್ಟರಂತೆ. ಮಾಡುವಾಗ ಕೆಲವನ್ನು ಬಿಟ್ಟರಂತೆ. ನಮ್ಮದೇ ಬೆಂಚಿನ ಮೇಲೆ ಯಾರೋ, ತಮ್ಮ ಅಪ್ಪನಿಗೆ ವಾಂತಿ ಜಾಸ್ತಿಯಾಯಿತೆಂದು ಟ್ರಯಲ್ಲಿನಿಂದ ತೆಗೆದರು ಎಂದು ಹೇಳಿದ್ದನ್ನು ಕೇಳಿಸಿಕೊಂಡಿದ್ದರು. ಅದು ಬೇರೆ ಟ್ರಯಲ್, ಬೇರೆ ಕಾರಣ. ಇವರಿಗೆ ಹೇಗೆ ಗೊತ್ತಾಗಬೇಕು? ನಾವು ಹೇಳಿದ್ದರೆ ತಾನೇ.

ಮೂಲ ಪ್ರತಿ ಎಲ್ಲಿ ಎಂದು ಕೇಳಿದೆ.

"ಇದೆ ಮೇಡಂ," ಎಂದರು. "ಆದ್ರೆ ಈಗ ಅದು ಅಂಗಿ ಆಗಿದೆ."

ವಿಷಯ ಇಷ್ಟೇ. ಟೀಚರು ಮನೆಯಲ್ಲಿ ಹಳೆ ಕಾಗದ ಕಂಡರೆ ಬಿಡುವವರಲ್ಲ. ಮಕ್ಕಳಿಗೆ ಹೊಲಿಗೆ ಕಲಿಸಲು ಅಂಗಿಯ ಅಳತೆಗೆ ಕಾಗದ ಕತ್ತರಿಸಿ ಕೊಡುತ್ತಾರೆ, ಪೇಪರ್ ಕಟಿಂಗ್ ಅನ್ನುತ್ತಾರೆ ಅದಕ್ಕೆ. ಗಂಡ ಶುದ್ಧಪ್ರತಿ ಮಾಡಿ ಮೇಜಿನ ಮೇಲೆ ಬಿಟ್ಟ ಹಾಳೆಗಳು ಮೊಮ್ಮಗಳ ಶಾಲೆಯ ಅಂಗಿಗೆ ಎರಡು ತೋಳು, ಒಂದು ಕಾಲರ್, ಒಂದು ಜೇಬು ಆಗಿದ್ದವು. ಎಡ ತೋಳನ್ನು ಒಬ್ಬ ಶಿಷ್ಯೆ ಮನೆಗೆ ಒಯ್ದಿದ್ದಳು. ಸೋಮವಾರದಿಂದ ತಾನು ಅವನ್ನೇ ಒಟ್ಟು ಮಾಡುತ್ತಿದ್ದೇನೆ, ನಿನ್ನೆ ಆ ಹುಡುಗಿಯ ಮನೆಗೂ ಹೋಗಿ ಬಂದೆ ಎಂದರು. ಸೋಮವಾರದಿಂದ ಏಕೆ ಎಂದು ಆಗ ನನಗೆ ಹೊಳೆಯಲಿಲ್ಲ.

ಮಧ್ಯಾಹ್ನ ಇಬ್ಬರೂ ಒಂದು ಬಟ್ಟೆ ಚೀಲದೊಂದಿಗೆ ಬಂದರು. ನಮ್ಮ ಉದ್ದ ಮೇಜನ್ನು ಖಾಲಿ ಮಾಡಿಸಿದೆ. ಔಷಧಿ ಕೋಣೆಯ ಎಣಿಕೆಯಮ್ಮನೂ ಬಂದಳು. ವಾಪಸ್ ಬಂದ ಮಾತ್ರೆಗಳನ್ನು ಎಣಿಸುವುದೇ ಅವಳ ಉದ್ಯೋಗ, ಅದಕ್ಕೇ ಆ ಹೆಸರು. ತೋಳು, ಕಾಲರು, ಜೇಬು ಎಲ್ಲ ಹರವಿ ನಾವು ಮೂವರು ಅಂಟು ಟೇಪ್ ಹಿಡಿದು ಕೂತರೆ ಒಂದಕ್ಕೊಂದು ಕೂಡಲಿಲ್ಲ. ಟೀಚರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ಅದು ಎಡ ತೋಳು, ಮಗುಚಿ ಹಾಕಿ, ಕಾಲರ್ ಮೇಲಿನ ಹಾಳೆಯಿಂದ ಬಂದದ್ದು ಎಂದು ತಾವೇ ಜೋಡಿಸತೊಡಗಿದರು. ಅಂಚಿಗೆ ಅಂಚು ಕೂದಲೆಳೆ ತಪ್ಪದ ಹಾಗೆ ಬಂತು. ಅರ್ಧ ಗಂಟೆಯಲ್ಲಿ ನಾಲ್ಕು ಹಾಳೆ ಎದ್ದು ಕೂತವು. ಹದಿನೇಳನೇ ದಿನ ಮಾತ್ರ ಸಿಗಲಿಲ್ಲ. ಅದು ತೋಳಿನ ಕಂಕುಳ ಸುತ್ತನ್ನು ಕತ್ತರಿಸಿದಾಗ ನೆಲಕ್ಕೆ ಬಿದ್ದು ಕಸಕ್ಕೆ ಹೋಗಿತ್ತು.

ನಾನು ಓದಿದೆ. ಏಳು ಐವತ್ತೆಂಟಕ್ಕೆ ಮಾತ್ರೆ. ಎಂಟು ನಲವತ್ತಕ್ಕೆ ವಾಂತಿ. ಮತ್ತೆ ಮಾತ್ರೆ ಕೊಟ್ಟಿಲ್ಲ, ಕೊಡಬಾರದೆಂದು ಹೇಳಿದ್ದಾರೆ. ಮತ್ತೊಂದು ದಿನ: ವಾಂತಿ ಎರಡು ಸಲ, ಅತ್ತಳು, ಅತ್ತದ್ದು ಬರೆಯಬೇಡಿ ಎಂದಳು. ಮತ್ತೊಂದು ದಿನ: ಇವತ್ತು ನನ್ನನ್ನು ಎರಡು ಸಲ ಬೈದಳು, ಆರೋಗ್ಯ ಪರವಾಗಿಲ್ಲ. ಇಪ್ಪತ್ತಮೂರನೇ ದಿನ: ತಲೆ ಹಿಡಿದುಕೊಂಡಿದ್ದೆ, ಬಿಡಿ ಅಂದಳು, ಬಿಡಲಿಲ್ಲ. ಒಟ್ಟು ಆರು ದಿನ ವಾಂತಿ. ಎಣಿಕೆಯಮ್ಮ ಬಾಟಲಿಯ ಲೆಕ್ಕ ತಾಳೆ ನೋಡಿ, ಒಂದು ಮಾತ್ರೆಯೂ ಹೆಚ್ಚುಕಮ್ಮಿ ಇಲ್ಲ ಎಂದಳು. ನನ್ನ ಕನ್ನಡಕದ ಗಾಜು ಮಂಜಾಗಿತ್ತು, ಅದನ್ನು ಒರೆಸುವ ನೆಪದಲ್ಲಿ ಕಪಾಟಿನ ಕಡೆ ತಿರುಗಿ ನಿಂತೆ.

ಟೀಚರಿಗೆ ಶುದ್ಧಪ್ರತಿಯ ಸಂಗತಿ ಪೂರ್ತಿ ಗೊತ್ತಾದದ್ದು ಅಲ್ಲೇ. ಅವರು ಆ ಚೊಕ್ಕ ಹಾಳೆಗಳನ್ನು ಎತ್ತಿಕೊಂಡು ಒಂದೊಂದಾಗಿ ಓದಿ ಕೆಳಗಿಟ್ಟರು. ಗಂಡನ ಕಡೆ ತಿರುಗಿದರು.

"ಅಷ್ಟು ಕಷ್ಟಪಟ್ಟು ವಾಂತಿ ಮಾಡ್ಕೊಂಡಿದ್ದು ನಾನು. ಅದನ್ನ ತೆಗೆದುಹಾಕೋಕೆ ನೀವ್ಯಾರು?"

"ನಿನ್ನನ್ನೇ ತೆಗೆದುಬಿಟ್ರೆ ಅಂತ," ಎಂದರು ಅವರು. ಟೀಚರು ಅವರ ಅಂಗಿಯ ತೋಳಿಗೆ ಅಂಟಿದ್ದ ಟೇಪಿನ ಚೂರನ್ನು ಬಿಡಿಸಿ ತೆಗೆದರು. ಆಮೇಲೆ ಆ ತೋಳನ್ನು ಹಾಗೇ ಹಿಡಿದುಕೊಂಡಿದ್ದರು.

ದೊಡ್ಡ ಡಾಕ್ಟರನ್ನು ಕರೆಸಿದೆ. ಅವರು ಅಂಟಿಸಿದ ಡೈರಿಯನ್ನು ಓದಿ, ಇಷ್ಟು ವಾಂತಿಗೆ ನಾಲ್ಕು ಮಾತ್ರೆಯನ್ನು ಮೂರಕ್ಕೆ ಇಳಿಸಬೇಕೆಂದು ಟ್ರಯಲ್ಲಿನ ನಿಯಮದಲ್ಲೇ ಇದೆ, ಅದಕ್ಕೆ ಯಾರನ್ನೂ ಬಿಡಿಸುವುದಿಲ್ಲ, ಮೊದಲೇ ತಿಳಿದಿದ್ದರೆ ಈ ಮೂರು ಕಿಲೋ ಉಳಿಯುತ್ತಿತ್ತು ಎಂದರು. ಗಂಡ ಅದನ್ನು ಕೇಳಿ ಆ ಚೊಕ್ಕ ಹಾಳೆಗಳನ್ನು ಮಗುಚಿ ಇಟ್ಟರು. ನಾನು ಎರಡೂ ಡೈರಿಯ ಚಿತ್ರ ತೆಗೆದು, ನಡೆದದ್ದನ್ನೆಲ್ಲ ಬರೆದು ಮಾನಿಟರಿಗೆ ಕಳಿಸಿದೆ. "ಹದಿನೇಳನೇ ದಿನ: ಕಾಗದ ಲಭ್ಯವಿಲ್ಲ, ಕಂಕುಳ ಸುತ್ತಿಗಾಗಿ ಕತ್ತರಿಸಲಾಗಿದೆ" ಎಂದೂ ಸೇರಿಸಿದೆ. ಅವಳು ಕೂಡಲೇ ಫೋನ್ ಮಾಡಿ, ಇದು ತಮಾಷೆಯೇ ಎಂದು ಕೇಳಿದಳು. ನಾನು ಫೈಲಿನಲ್ಲಿ ತಮಾಷೆ ಬರೆಯುವುದಿಲ್ಲ ಎಂದೆ. ಸಂಜೆಯ ಹೊತ್ತಿಗೆ ಕಂಪನಿಯ ಉತ್ತರ ಬಂತು. ಮೂಲ ಡೈರಿ ಒಪ್ಪಿಗೆ, ಮೂರು ಮಾತ್ರೆಯ ಲೆಕ್ಕದಲ್ಲಿ ಹೊಸ ಬಾಟಲಿ ಕೊಡಬಹುದು. ಕೊನೆಯಲ್ಲಿ ಒಂದು ಸಾಲಿತ್ತು: ಸೋಮವಾರದ ಅನುಮಾನದ ಬಗ್ಗೆ ಬರೆದವರು ಸೂಕ್ತ ಕ್ರಮ ಕೈಗೊಳ್ಳುವುದು.

ಬರೆದವರು ಅಂದರೆ ನಾನು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಆ ಮೂರು ಸಾಲನ್ನು ನಾನು ಹರಿದುಹಾಕುವ ಹಾಗಿಲ್ಲ, ಅದರ ಮೇಲೆ ಏನನ್ನೂ ಅಂಟಿಸುವ ಹಾಗಿಲ್ಲ. ಒಂದೇ ಗೆರೆ ಎಳೆಯಬಹುದು, ಕೆಳಗಿನದು ಓದಲು ಸಿಗಬೇಕು. ಇನ್ನು ಹದಿನೈದು ವರ್ಷ ಆ ಫೈಲು ಕಪಾಟಿನಲ್ಲಿರುತ್ತದೆ. ಯಾರು ತೆರೆದರೂ ರೋಗಿಯ ಪತಿ ನಂಬಿಕೆಗೆ ಅರ್ಹರಲ್ಲ ಎಂದು ನನ್ನ ಅಕ್ಷರದಲ್ಲಿ ಓದುತ್ತಾರೆ. ಎಂಟು ವರ್ಷದಲ್ಲಿ ಮೊದಲ ಸಲ, ಆ ಹದಿನೇಳು ವೈಟ್ನರ್ ಬಾಟಲಿಯಲ್ಲಿ ಒಂದನ್ನಾದರೂ ಇಟ್ಟುಕೊಳ್ಳಬೇಕಿತ್ತು ಅನ್ನಿಸಿತು.

ಸೋಮವಾರ ಟೀಚರು ಔಷಧಿ ಕಿಟಕಿಯ ಮುಂದೆ ನಿಂತು, ಮೂರು ಮಾತ್ರೆಯನ್ನೂ ಎಣಿಸೋಕೆ ಇಷ್ಟು ಹೊತ್ತಾ ಎಂದು ಎಣಿಕೆಯಮ್ಮನನ್ನು ರೇಗಿಸುತ್ತಿದ್ದರು. ಗಂಡ ನನ್ನ ಎದುರಿಗೆ ಕೂತಿದ್ದರು. ಆ ಪುಟ ತೆರೆದಿಟ್ಟುಕೊಂಡೆ. ಅವರು ನೋಡುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದೆನ್ನಿಸಿತು. ಹೋದ ಸೋಮವಾರ ನಿಮ್ಮ ಬಗ್ಗೆ ಇಲ್ಲಿ ತಪ್ಪಾಗಿ ಬರೆದಿದ್ದೇನೆ, ಓದಿದರೆ ನಿಮಗೆ ನೋವಾಗುತ್ತದೆ ಎಂದೆ.

"ಓದಿದೀನಿ ಮೇಡಂ," ಎಂದರು. "ನೀವು ಬರೀತಾ ಇದ್ದಾಗ್ಲೇ. ಮೊಳೆ ಜೋಡಿಸ್ತಿದ್ದೋರು ನಾವು, ತಲೆಕೆಳಗಾಗಿದ್ರೂ ಓದೋಕೆ ಬರುತ್ತೆ."

ಸೋಮವಾರದಿಂದ ಏಕೆ ತುಂಡುಗಳನ್ನು ಹುಡುಕುತ್ತಿದ್ದರು ಎಂದು ಈಗ ತಿಳಿಯಿತು. ನಾನು ಫೋನ್ ಮಾಡುವವರೆಗೆ ಆ ಸಾಲುಗಳನ್ನು ಅವರು ಒಬ್ಬರೇ ಹೊತ್ತುಕೊಂಡು, ಶಿಷ್ಯೆಯ ಮನೆ ಬಾಗಿಲಿಗೆ ತೋಳು ಕೇಳಲು ಹೋಗಿದ್ದರು. ಮುಖ ಎತ್ತಲು ನಾಚಿಕೆಯಾಯಿತು. ಅವತ್ತೇ ಯಾಕೆ ಹೇಳಲಿಲ್ಲ, ತಪ್ಪು ಅನ್ನಬಹುದಿತ್ತಲ್ಲ ಎಂದೆ.

ಅವರು ನನ್ನ ಬೆನ್ನ ಹಿಂದಿನ ಗೋಡೆ ತೋರಿಸಿದರು. "ಬರೆದವರೇ ತಿದ್ದಬೇಕು ಅಂತ ಇದೆಯಲ್ಲ. ನಾನು ಹೇಗೆ ತಿದ್ದೋದು?"

ಅಣಕವಿರಲಿಲ್ಲ ಅದರಲ್ಲಿ. ಅದಕ್ಕೇ ಹೆಚ್ಚು ನಾಟಿತು. ಪೆನ್ನು ತೆಗೆದು ಮೂರು ಸಾಲಿನ ಮೇಲೂ ಒಂದೊಂದು ಗೆರೆ ಎಳೆದೆ. ಪಕ್ಕದಲ್ಲಿ ಸಹಿ ಹಾಕಿದೆ. ಕಾರಣದ ಜಾಗದಲ್ಲಿ ಏನು ಬರೆಯಬೇಕೆಂದು ಸ್ವಲ್ಪ ಹೊತ್ತು ಯೋಚಿಸಿದೆ. ಹೊಸ ಆಧಾರ ದೊರೆತಿದೆ ಎಂದು ಬರೆಯಬಹುದಿತ್ತು, ಎಲ್ಲರೂ ಹಾಗೇ ಬರೆಯುತ್ತಾರೆ. ನಾನು "ಕೇಳದೆ ಬರೆದದ್ದು" ಎಂದು ಬರೆದೆ. ಬರೆದು ಫೈಲನ್ನು ತಿರುಗಿಸದೆ ಹಾಗೇ ಇಟ್ಟೆ, ಅವರಿಗೆ ತಿರುಗಿಸುವ ಅಗತ್ಯ ಇರಲಿಲ್ಲ.

ಅವರು ಕನ್ನಡಕ ಸರಿಮಾಡಿಕೊಂಡು, ಪ್ರೆಸ್ಸಿನಲ್ಲಿ ಕೊನೆಯ ಪ್ರೂಫ್ ನೋಡುತ್ತಿದ್ದ ಹಾಗೆ, ಬೆರಳನ್ನು ಸಾಲಿನ ಕೆಳಗೆ ಆಡಿಸುತ್ತ ನಿಧಾನಕ್ಕೆ ಓದಿದರು. ಮೊದಲು ಗೆರೆಯ ಕೆಳಗಿನದನ್ನು, ಆಮೇಲೆ ಪಕ್ಕದ್ದನ್ನು. ಕಣ್ಣು ಒದ್ದೆಯಾಗಿತ್ತು. ಬೆರಳು ನನ್ನ ಸಹಿಯ ಮುಂದೆ ಬಂದು ನಿಂತಿತು.

"ತಾರೀಕು ಬಿಟ್ಟಿದೀರಿ ಮೇಡಂ," ಎಂದರು.

ಅವರು ನೋಡುತ್ತಿದ್ದಂತೆ ತಾರೀಕು ಹಾಕಿದೆ.